ಮೊದಲು ತೂಕ, ಆಮೇಲೆ ಹೆಸರು

ಫೆಬ್ರವರಿ 9

ಲೇತಣ್ಣನವರಿಗೆ ನಮಸ್ಕಾರ.

ಈ ಕೈಬರಹ ನಿಮಗೆ ಹೊಸದು. ಹದಿನೇಳು ವರ್ಷ ನಮ್ಮ ಮನೆಯಿಂದ ನಿಮಗೆ ಬಂದ ಕಾಗದಗಳ ಕೊನೆಯಲ್ಲಿ ‘ಅವಳೂ ನಮಸ್ಕಾರ ಹೇಳಿದ್ದಾಳೆ’ ಎಂದು ಇರುತ್ತಿತ್ತಲ್ಲ, ಆ ಅವಳು ನಾನು. ನಿಜ ಹೇಳಬೇಕೆಂದರೆ ನಾನು ಒಂದು ಸಲವೂ ಹಾಗೆ ಹೇಳಿ ಕಳಿಸಿರಲಿಲ್ಲ. ಅವರೇ ಸೇರಿಸುತ್ತಿದ್ದರು.

ನಿಮ್ಮ ಮೇಷ್ಟ್ರು ಈಗಿಲ್ಲ. ನವೆಂಬರ್ 14ರ ಬೆಳಿಗ್ಗೆ ಕಾಲೇಜಿನ ವರ್ಕ್‌ಶಾಪಿನಲ್ಲಿ, ಲೋಹ ಉಜ್ಜುವ ಅರ ಹೇಗೆ ಹಿಡಿಯಬೇಕೆಂದು ತರಗತಿಗೆ ತೋರಿಸುತ್ತಿದ್ದವರು ಹಾಗೇ ಕುಸಿದರು. ಐವತ್ತೊಂದು ವರ್ಷ. ಡಿಸೆಂಬರಿನಲ್ಲಿ ಬಂದ ನಿಮ್ಮ ಕಾಗದವನ್ನು ಒಡೆಯುವ ಧೈರ್ಯ ನನಗೆ ಬಂದದ್ದು ಹೋದ ವಾರ. ‘ಯಾಕ್ರೀ ಮೇಷ್ಟ್ರೇ, ಬಾಯಿಗೆ ಬೀಗ ಹಾಕಿಕೊಂಡಿರಿ’ ಎಂದು ಕೇಳಿದ್ದೀರಿ. ಇಷ್ಟು ದಿನ ನಿಮಗೆ ತಿಳಿಸದೆ ಇದ್ದದ್ದಕ್ಕೆ ಕ್ಷಮಿಸಿ.

ಒಂದು ಸಹಾಯ ಬೇಕು. ಅವರು ಕೂಡಿಸಿಟ್ಟ ಮಾದರಿ ವಿಮಾನದ ಹಳೆಯ ಇಂಜಿನ್‌ಗಳು ಬೂಟಿನ ಡಬ್ಬ, ಬಿಸ್ಕತ್ತಿನ ಡಬ್ಬಗಳಲ್ಲಿವೆ. ಎಣಿಸಿದೆ, ಮೂವತ್ತೇಳು. ಕಾಲೇಜಿನವರು ಅವರ ನೆನಪಿಗೆ ಗಾಜಿನ ಬೀರು ಮಾಡಿಸಿ, ನವೆಂಬರಿನಲ್ಲಿ ಇವನ್ನೆಲ್ಲ ಅದರಲ್ಲಿ ಇಡುತ್ತಾರಂತೆ. ಒಂದೊಂದರ ಕೆಳಗೂ ಯಾರು ಮಾಡಿದ್ದು, ಯಾವ ವರ್ಷ ಎಂದು ಚೀಟಿ ಬೇಕು. ನಾನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಇವು ಮಾಡುವ ಸದ್ದಿಗೆ ಅವರ ಬಲಗಿವಿ ಎಷ್ಟು ಹಾಳಾಗಿತ್ತು ಎನ್ನುವುದನ್ನು ಬಿಟ್ಟರೆ ಇವುಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಗೊತ್ತಿರುವುದು ಒಂದೇ, ಅವರ ಅಣ್ಣನ ಇಂಜಿನ್. ಅದನ್ನು ಬೀರುವಿನ ನಡುವೆ ಇಡಬೇಕೆಂದಿದ್ದೇನೆ.

ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇಷ್ಟುದ್ದದ ಕಾಗದ ಬರೆದದ್ದು ಇದೇ ಮೊದಲು. ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ಇತಿ,
ಮೇಷ್ಟ್ರ ಹೆಂಡತಿ


ಫೆಬ್ರವರಿ 21

ತಂಗೀ,

ನಿಮ್ಮ ಕಾಗದ ಮೂರು ದಿನದಿಂದ ಲೋಹ ಕಡೆಯುವ ನನ್ನ ಲೇತಿನ ಮೇಲೇ ಇದೆ. ಲೇತ್ ಓಡಿಸಲಿಲ್ಲ. ನನಗಿಂತ ಇಪ್ಪತ್ತಮೂರು ವರ್ಷ ಚಿಕ್ಕವರು ಅವರು. ನಾನು ಮುಂದೆ ಹೋಗುವುದು, ಅವರು ನನ್ನ ಡ್ರಿಲ್ ಬಿಟ್ಟುಗಳನ್ನೆಲ್ಲ ಇಟ್ಟುಕೊಳ್ಳುವುದು ಎಂದು ಮಾತಾಗಿತ್ತು. ಮುಖ ನೋಡಿದವರಲ್ಲ ನಾವು. ಆದರೂ ಅಂಚೆಯವನ ಸೈಕಲ್ ನಿಂತ ಸದ್ದಾದರೆ ಈಗಲೂ ಏಳುತ್ತೇನೆ.

ಇಂಜಿನ್‌ಗಳ ಗುರುತು ನಾನು ಹೇಳುತ್ತೇನೆ. ಐದೈದರಂತೆ ವಿವರ ಕಳಿಸಿ. ಅಡುಗೆಮನೆಯ ತಕ್ಕಡಿ ಸಾಕು, ಗ್ರಾಂ ತೋರಿಸಿದರೆ ಆಯಿತು. ಪ್ರೊಪೆಲ್ಲರ್ ಬಿಚ್ಚಿ ತೂಗಿ. ಆಮೇಲೆ ಮೈಮೇಲೆ ಕೊರೆದ ಸಂಖ್ಯೆ ಇದ್ದರೆ ಅದು, ಹೊಗೆ ಬಿಡುವ ಬಾಯಿ ಯಾವ ಕಡೆಗಿದೆ ಎನ್ನುವುದು, ಒಂದು ಫೋಟೋ. ಕೊರೆದ ಹೆಸರನ್ನು ನಂಬಬೇಡಿ, ಹೆಸರು ಯಾರು ಬೇಕಾದರೂ ಕೊರೆಯಬಹುದು. ಮೊದಲು ತೂಕ, ಆಮೇಲೆ ಹೆಸರು. ಪಂಪ್ ಕಾರ್ಖಾನೆಯಲ್ಲಿ ನನ್ನ ಗುರುಗಳು ನನಗೆ ಹೇಳಿಕೊಟ್ಟದ್ದು, ನಾನು ಮೇಷ್ಟ್ರಿಗೆ ಹೇಳಿಕೊಟ್ಟದ್ದು ಇದೇ.

ಅಣ್ಣನ ಇಂಜಿನ್ ತೂಗುವ ಅಗತ್ಯವಿಲ್ಲ. ಅದು ನನಗೆ ಗೊತ್ತಿರುವುದೇ.

ಇನ್ನೊಂದು ಮಾತು. ಒಣ ಬಟ್ಟೆಯಲ್ಲಿ ಒರೆಸಿ, ಅಷ್ಟೇ. ಯಾವುದನ್ನೂ ತೊಳೆಯಬೇಡಿ.

ಇತಿ,
ಲೇತಣ್ಣ


ಮಾರ್ಚ್ 6

ಲೇತಣ್ಣನವರಿಗೆ ನಮಸ್ಕಾರ.

ಮೊದಲ ಐದರ ತೂಕ, ಫೋಟೋ ಇದರೊಂದಿಗಿವೆ.

ತೊಳೆಯಬೇಡಿ ಎಂದು ಬರೆದಿದ್ದೀರಿ. ಆ ಕಾಗದ ನನ್ನ ಕೈಸೇರುವ ಹೊತ್ತಿಗೆ ನಾನು ಒಂದನ್ನು ತೊಳೆದಾಗಿತ್ತು. ಅದೂ ಯಾವುದನ್ನು ಎಂದು ಬರೆಯಲು ಎರಡು ಹಾಳೆ ಹರಿದು ಹಾಕಿದ್ದೇನೆ. ಅಣ್ಣನ ಇಂಜಿನ್‌ಗೆ ತುಂಬ ಧೂಳು, ಜಿಡ್ಡು ಅಂಟಿತ್ತು. ನಡುವೆ ಇಡುವುದಲ್ಲವೇ, ಹೊಳೆಯಲಿ ಎಂದು ಪಾತ್ರೆಯಲ್ಲಿ ಬಟ್ಟೆ ಸೋಡ ಹಾಕಿ ಒಂದು ಗಂಟೆ ಕುದಿಸಿದೆ. ತೆಗೆದು ನೋಡಿದರೆ ಜಿಡ್ಡು ಹೋಗಿತ್ತು, ಆದರೆ ಬೆಳ್ಳಗಿದ್ದ ಮೈ ಕಪ್ಪಾಗಿತ್ತು. ಉಜ್ಜಿದೆ. ಬೆರಳಿಗೆ ಮಸಿ ಬಂತು, ಕೆಳಗೆ ಇನ್ನೂ ಕಪ್ಪು.

ಅವರ ಅಣ್ಣ ಹತ್ತೊಂಬತ್ತಕ್ಕೆ ಹೋದರು. ಆಗ ಇವರಿಗೆ ಹನ್ನೆರಡು. ಮನೆಯವರು ಅಣ್ಣನ ಬಟ್ಟೆ, ಪುಸ್ತಕ ಎಲ್ಲ ಯಾರ್‍ಯಾರಿಗೋ ಕೊಟ್ಟುಬಿಟ್ಟರಂತೆ. ಈ ಇಂಜಿನ್ನೊಂದನ್ನು ಇವರು ಕಾಲುಚೀಲದಲ್ಲಿ ಮುಚ್ಚಿಟ್ಟುಕೊಂಡಿದ್ದರು. ಮೂವತ್ತೊಂಬತ್ತು ವರ್ಷ ಅವರು ಕಾಪಾಡಿದ್ದನ್ನು ನಾನು ಒಂದು ಗಂಟೆಯಲ್ಲಿ ಹಾಳು ಮಾಡಿದೆ. ಏನಾದರೂ ಉಪಾಯವಿದೆಯೇ?

ಇತಿ,
ಮೇಷ್ಟ್ರ ಹೆಂಡತಿ


ಮಾರ್ಚ್ 18

ತಂಗೀ,

ಐದರ ಗುರುತು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಮೂರನೆಯದು ಚೆನ್ನಾಗಿದೆ, ಜೋಪಾನ.

ಅಣ್ಣನ ಇಂಜಿನ್ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹಳೆಯ ಲೋಹ, ಹಾಗೆ ಆಗುತ್ತದೆ. ಯಾರ ತಪ್ಪೂ ಅಲ್ಲ. ಹಾಗೇ ಇಟ್ಟುಬಿಡಿ.

ಮುಂದಿನ ಐದು ಕಳಿಸಿ.

ಇತಿ,
ಲೇತಣ್ಣ


ಏಪ್ರಿಲ್ 11

ಲೇತಣ್ಣನವರಿಗೆ ನಮಸ್ಕಾರ.

ನನ್ನ ಕೆಲಸದಲ್ಲಿ, ಹೆಡ್‌ಫೋನ್ ಹಾಕಿಕೊಂಡು ಕೂತವರು ಸದ್ದು ಕೇಳಿದಾಗ ಬಟನ್ ಒತ್ತಬೇಕು. ಕೆಲವರು ಕೇಳದಿದ್ದರೂ ಒತ್ತುತ್ತಾರೆ. ನಮ್ಮನ್ನು ಸಮಾಧಾನ ಮಾಡಲು. ಮುಖ ನೋಡಿದರೆ ತಿಳಿಯುತ್ತದೆ. ನಿಮ್ಮ ಹೋದ ಕಾಗದ ನನಗೆ ಹಾಗೆ ಕಂಡಿತು. ಹದಿನೇಳು ವರ್ಷ ಒಂದು ಸ್ಕ್ರೂ ಬಗ್ಗೆ ನಾಲ್ಕು ಪುಟ ಬರೆದವರು ನೀವು. ಇದಕ್ಕೆ ನಾಲ್ಕು ಸಾಲೇ? ನಿಮಗೆ ನನ್ನ ಮೇಲೆ ಸಿಟ್ಟಿದ್ದರೆ ಬೈದುಬಿಡಿ, ತಡೆದುಕೊಳ್ಳುತ್ತೇನೆ.

ಬೈಯಲು ಇನ್ನೊಂದು ಕಾರಣವನ್ನೂ ಕೊಡುತ್ತೇನೆ. ಧೂಳು ಎಂದು ಬರೆದದ್ದು ಸುಳ್ಳು. ಧೂಳಿರಲಿಲ್ಲ. ವಾಸನೆಯಿತ್ತು. ಇಂಜಿನ್ನಿನಲ್ಲಿ ಸುಟ್ಟ ಹರಳೆಣ್ಣೆಯ ವಾಸನೆ, ಭಾನುವಾರ ಮೈದಾನದಲ್ಲಿ ವಿಮಾನ ಹಾರಿಸಿ ಬಂದಾಗ ಅವರ ಅಂಗಿಯಲ್ಲಿ, ಕೂದಲಲ್ಲಿ ಇರುತ್ತಿದ್ದದ್ದು. ಇಪ್ಪತ್ತು ವರ್ಷ ಆ ವಾಸನೆಗೆ ಮೂಗು ಮುಚ್ಚಿಕೊಂಡು ಜಗಳ ಮಾಡಿದ್ದೇನೆ. ಆ ದಿನ ಡಬ್ಬ ತೆರೆದೆ, ಅವರೇ ಒಳಗೆ ಬಂದು ನಿಂತ ಹಾಗಾಯಿತು. ಸಹಿಸಲಾಗಲಿಲ್ಲ. ಹೋಗಲಿ, ಒಂದೇ ಸಲ ಹೋಗಿಬಿಡಲಿ ಎಂದು ಕುದಿಸಿದೆ. ಹೋಯಿತು. ಈಗ ದಿನಾ ಮೂಸಿ ನೋಡುತ್ತೇನೆ. ಸೋಡದ ವಾಸನೆ ಬರುತ್ತದೆ.

ಪ್ರಿನ್ಸಿಪಾಲರು ಬಂದಿದ್ದರು. ನಡುವೆ ಇಡುವ ಇಂಜಿನ್ ಯಾವುದು ಎಂದರು. ತೋರಿಸಿದೆ. ‘ಇದೇನ್ ಮೇಡಂ, ಒಲೆ ಮೇಲಿಟ್ಟು ಮರೆತುಬಿಟ್ಟ ಹಾಗಿದೆ’ ಎಂದು ನಕ್ಕರು. ಪಾಪ, ಅವರಿಗೇನು ಗೊತ್ತು. ಅದನ್ನು ಬೀರುವಿನಲ್ಲಿ ಇಡುವುದು ಬೇಡ ಎಂದೆ. ಅವರ ಜೀವದಂಥ ವಸ್ತುವನ್ನು ಕೆಡಿಸಿದವಳು ಅದನ್ನೇ ಊರಿಗೆಲ್ಲ ತೋರಿಸಿಕೊಂಡು ನಿಲ್ಲುವುದು ಹೇಗೆ?

ನಿಮಗೆ ಅದು ಎಷ್ಟು ಗೊತ್ತು ಎನ್ನುವುದು ನನಗೆ ನೆನಪಿದೆ. ಹದಿನಾಲ್ಕು ವರ್ಷದ ಹಿಂದೆ ಅದರ ಪಿಸ್ಟನ್ ಹಿಡಿದುಕೊಂಡಿತೆಂದು ನಿಮ್ಮಲ್ಲಿಗೆ ಕಳಿಸಿದ್ದರು. ಏಳು ತಿಂಗಳು ನಿಮ್ಮ ಬಳಿಯೇ ಇತ್ತು. ವಾಪಸು ಬಂದ ದಿನ ಬಾಗಿಲಲ್ಲೇ ಪಾರ್ಸೆಲ್ ಬಿಚ್ಚಿದರು. ಅಂಗೈಯಲ್ಲಿಟ್ಟುಕೊಂಡು ಮೇಲೆ ಕೆಳಗೆ ತೂಗಿ ನೋಡಿದರು. ನಾನು ಏನಾಯ್ತು ಎಂದೆ. ‘ತವರಿಗೆ ಹೋಗಿ ಬಂದವರ ಹಾಗೆ ಮೈ ತುಂಬಿಕೊಂಡು ಬಂದಿದೆ ನೋಡೇ’ ಎಂದರು. ಇಬ್ಬರೂ ಬಹಳ ನಕ್ಕೆವು. ಅದು ನಮ್ಮ ಮನೆಯಲ್ಲಿ ಎಷ್ಟೋ ದಿನ ಓಡಾಡಿದ ಮಾತು.

ಇತಿ,
ಮೇಷ್ಟ್ರ ಹೆಂಡತಿ


ಮೇ 30

ಲೇತಣ್ಣನವರಿಗೆ ನಮಸ್ಕಾರ.

ಏಳು ವಾರವಾಯಿತು, ನಿಮ್ಮಿಂದ ಕಾಗದವಿಲ್ಲ. ಬೈಯಿರಿ ಎಂದು ಕೇಳಿ ತಪ್ಪು ಮಾಡಿದೆನೇನೋ. ಅಥವಾ ಮೈ ಹುಷಾರಿಲ್ಲವೇ? ನಿಮ್ಮ ಅಕ್ಷರ ಮಾರ್ಚ್‌ನಲ್ಲೇ ಸ್ವಲ್ಪ ನಡುಗಿತ್ತು.

ಕಾಲೇಜಿನಲ್ಲಿ ಅವರ ಮೇಜಿನ ಡ್ರಾಯರ್ ಖಾಲಿ ಮಾಡಿ ಕೊಟ್ಟರು. ಅದರಲ್ಲಿ ಇಂಜಿನ್‌ಗಳ ಕಾರ್ಡುಗಳಿದ್ದವು. ಎಲ್ಲದಕ್ಕೂ ಇಲ್ಲ, ಹದಿನೈದಕ್ಕೆ ಮಾತ್ರ. ತೂಕ, ಬಂದ ದಿನ, ಮಾಡಿದವರು, ಕೊನೆಯಲ್ಲಿ ಓಡಿದಾಗಿನ ಸದ್ದು. ಸದ್ದಿಗೆ ಅವರು ಬರೆದಿರುವುದು ನೋಡಿದರೆ ನಗು ಬರುತ್ತದೆ. ಒಂದಕ್ಕೆ ‘ಸಿಟ್ಟು ಬಂದ ಅತ್ತೆ’, ಇನ್ನೊಂದಕ್ಕೆ ‘ನೆಗಡಿಯಾದ ನೊಣ’.

ಅಣ್ಣನ ಇಂಜಿನ್‌ಗೆ ಎರಡು ಕಾರ್ಡುಗಳಿವೆ, ದಾರದಲ್ಲಿ ಕಟ್ಟಿವೆ. ಮೊದಲನೆಯದು ನಿಮಗೆ ಕಳಿಸುವ ಮುಂಚಿನದು. ಅದರಲ್ಲಿ 121 ಗ್ರಾಂ ಎಂದಿದೆ. ಎರಡನೆಯದಕ್ಕೆ ಅದು ವಾಪಸು ಬಂದ ದಿನದ ತಾರೀಕು. ಅದರಲ್ಲಿ 144. ಪ್ರೊಪೆಲ್ಲರ್ ಸೇರಿಸಿ ತೂಗಿರಬೇಕು ಎಂದುಕೊಂಡೆ. ಆದರೆ ಎರಡರಲ್ಲೂ ‘ಪ್ರೊಪೆಲ್ಲರ್ ಇಲ್ಲದೆ’ ಎಂದು ಬರೆದಿದೆ. ತೂಗಬೇಡಿ ಎಂದಿದ್ದಿರಿ, ಆದರೂ ತೂಗಿದೆ. 144. ಮೊದಲ ಸಲ ಅವರ ತಕ್ಕಡಿ ಕೆಟ್ಟಿತ್ತೇ? ಯಾವುದನ್ನು ನಂಬಲಿ?

ಚೀಟಿ ಬರೆಯಲು ಅಲ್ಲ. ಅದನ್ನು ಬೀರುವಿನಲ್ಲಿ ಇಡುತ್ತಿಲ್ಲವಲ್ಲ. ಸುಮ್ಮನೆ ತಿಳಿದುಕೊಳ್ಳಲು.

ಇತಿ,
ಮೇಷ್ಟ್ರ ಹೆಂಡತಿ


ಜೂನ್ 17

ತಂಗೀ,

ಎರಡೂ ತೂಕ ಸರಿ. ತಕ್ಕಡಿ ಕೆಟ್ಟಿರಲಿಲ್ಲ.

ನಿಮ್ಮ ಏಪ್ರಿಲ್ ಕಾಗದ ಓದಿದ ದಿನದಿಂದ ಇದನ್ನು ಬರೆಯಬೇಕೆಂದಿದ್ದೆ. ‘ಮೈ ತುಂಬಿಕೊಂಡು’ ಎನ್ನುವ ಮಾತು ಓದಿ ಕಾಗದ ಮಡಚಿಟ್ಟೆ. ತಮಾಷೆಗೆ ಅಂದಿರಬಹುದು ಎಂದು ಏಳು ವಾರ ನನ್ನನ್ನೇ ನಂಬಿಸಿಕೊಂಡೆ. ಕಾರ್ಡಿನ ಲೆಕ್ಕ ಬಂದ ಮೇಲೆ ಆ ದಾರಿಯೂ ಮುಚ್ಚಿತು.

ಅಣ್ಣನ ಇಂಜಿನ್ನಿನ ಮೈ, ನಾವು ಕ್ರ್ಯಾಂಕ್‌ಕೇಸ್ ಅನ್ನುತ್ತೇವೆ, ಮೆಗ್ನೀಸಿಯಂ ಎರಕದ್ದು. ಆ ಕಾರ್ಖಾನೆ ಒಂದೇ ವರ್ಷ ಹಾಗೆ ಮಾಡಿತು. ನೋಡಲು ಅಲ್ಯೂಮಿನಿಯಂ ಹಾಗೇ, ಹಗುರ ಮಾತ್ರ. ನನ್ನಲ್ಲಿಗೆ ಬಂದಾಗ ಮೇಲೆ ಬಿಳಿ ಹೊಪ್ಪಳೆ ಎದ್ದಿತ್ತು. ಅಲ್ಯೂಮಿನಿಯಂ ಎಂದುಕೊಂಡು, ಬಾಯ್ಲರಿನೊಳಗೆ ಕಟ್ಟುವ ಸುಣ್ಣ ಬಿಡಿಸುವ ಆಸಿಡ್ಡಿಗೆ ನೀರು ಬೆರೆಸಿ ಅದರಲ್ಲಿ ಹಾಕಿ ಊಟಕ್ಕೆ ಹೋದೆ. ಊಟವಾದ ಮೇಲೆ ಒಂದು ನಿದ್ದೆಯನ್ನೂ ತೆಗೆದೆ. ಬಂದು ನೋಡಿದರೆ ಡಬ್ಬಿ ತುಂಬ ನೊರೆ ಕುದಿಯುತ್ತಿತ್ತು. ಎತ್ತಿದಾಗ ಗೆದ್ದಲು ತಿಂದ ಮರದಂತೆ ತೂತು ತೂತು. ಮೆಗ್ನೀಸಿಯಂ ಆಸಿಡ್ ಮುಂದೆ ನಿಲ್ಲುವುದಿಲ್ಲ. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೂ ಗೊತ್ತಿರುವ ವಿಷಯ.

ಮೊದಲು ತೂಕ, ಆಮೇಲೆ ಹೆಸರು ಎಂದು ಎಲ್ಲರಿಗೂ ಉಪದೇಶ ಮಾಡುವವನು ನಾನು. ಆ ದಿನ ನಾನು ತೂಗಲಿಲ್ಲ. ನೋಡಿದರೇ ಸಾಕು, ಇಷ್ಟು ವರ್ಷದ ಕಣ್ಣು ಎನ್ನುವ ಜಂಬ.

ಬರೆದು ತಿಳಿಸಬೇಕಿತ್ತು. ಕಾಲುಚೀಲದ ಕಥೆ ಮೇಷ್ಟ್ರು ನನಗೆ ಬರೆದಿದ್ದರು. ಕೈ ಓಡಲಿಲ್ಲ. ಮರಳಿನ ಅಚ್ಚು ಮಾಡಿ ಎರಕ ಹೊಯ್ದೆ. ಐದು ಕೆಟ್ಟವು, ಆರನೆಯದು ಬಂತು. ಮೆಗ್ನೀಸಿಯಂ ಕರಗಿಸುವುದು ನನ್ನಿಂದಾಗುವ ಕೆಲಸವಲ್ಲ, ಬೆಂಕಿ ಹತ್ತಿಕೊಳ್ಳುತ್ತದೆ. ಅಲ್ಯೂಮಿನಿಯಂನಲ್ಲೇ ಮಾಡಿದೆ. ಸಂಖ್ಯೆಯನ್ನೂ ಹಾಗೇ ಕೊರೆದೆ. ಏಳು ತಿಂಗಳು ಅದಕ್ಕೇ. ಒಳಗಿನ ಪಿಸ್ಟನ್, ಸಿಲಿಂಡರ್ ಎಲ್ಲ ಅಣ್ಣನವೇ. ಮೈ ಮಾತ್ರ ನನ್ನದು.

ಇನ್ನು ನಿಮ್ಮ ವಿಷಯ. ಅಸಲಿ ಮೈಯನ್ನು ಸೋಡದಲ್ಲಿ ಇಡೀ ದಿನ ಕುದಿಸಿದರೂ ಹಾಗೆ ಕಪ್ಪಾಗುತ್ತಿರಲಿಲ್ಲ. ಸೋಡಕ್ಕೆ ಕಪ್ಪಾಗುವುದು ಅಲ್ಯೂಮಿನಿಯಂ. ನೀವು ಹಾಳು ಮಾಡಿದ್ದು ಅಣ್ಣನ ಇಂಜಿನ್ನನ್ನಲ್ಲ, ನನ್ನ ಕಳ್ಳ ಎರಕವನ್ನು. ಮಾರ್ಚ್ ಆರರ ಕಾಗದ ಓದಿದ ಕ್ಷಣದಲ್ಲೇ ನನಗೆ ಇದು ಗೊತ್ತಾಯಿತು. ಆದರೂ ‘ಹಳೆಯ ಲೋಹ, ಹಾಗೆ ಆಗುತ್ತದೆ’ ಎಂದು ಬರೆದೆ.

ಅದು ವಾಪಸು ಹೋದ ತಿಂಗಳಿಗೆ ಮೇಷ್ಟ್ರು ಒಂದು ಕಾಗದ ಬರೆದಿದ್ದರು. ಈಗ ಹುಡುಕಿ ತೆಗೆದೆ. ‘ವಸ್ತು ಅಂದ ಮೇಲೆ ಕೆಡುತ್ತದೆ, ಒಡೆಯುತ್ತದೆ. ನನ್ನದು ಯಾವುದಾದರೂ ಹಾಗಾಗಿದ್ದರೆ ಸಂಕೋಚ ಬೇಡ, ಬರೆಯಿರಿ’ ಎಂದಿದೆ. ಆ ಸಲ ಅವರು ಕಳಿಸಿದ್ದ ಬೇರೊಂದು ಪಾರ್ಸೆಲ್ ಅಂಚೆಯಲ್ಲಿ ಜಜ್ಜಿಹೋಗಿತ್ತು. ಅದಕ್ಕೇ ಬರೆದಿದ್ದಾರೆ ಎಂದುಕೊಂಡೆ. ಪಾರ್ಸೆಲ್ ಜಜ್ಜಿದ್ದರೂ ಒಳಗಿನದು ಚೆನ್ನಾಗಿಯೇ ಇದೆ ಎಂದು ಉತ್ತರ ಕೊಟ್ಟೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಲೇತಣ್ಣ


ಜುಲೈ 24

ತಂಗೀ,

ನನ್ನ ಕಾಗದ ತಲುಪಿತೋ ಇಲ್ಲವೋ. ಉಳಿದ ಇಂಜಿನ್‌ಗಳ ವಿವರವನ್ನಾದರೂ ಕಳಿಸಿ. ನವೆಂಬರ್ ದೂರವಿಲ್ಲ. ನನ್ನ ಮೇಲಿನ ಸಿಟ್ಟಿಗೆ ಅವು ಹೆಸರಿಲ್ಲದೆ ಉಳಿಯಬಾರದು.

ಲೇತಣ್ಣ


ಸೆಪ್ಟೆಂಬರ್ 3

ತಂಗೀ,

ಲೇತ್ ಕೊಟ್ಟುಬಿಟ್ಟೆ. ಕೈ ನಡುಗುತ್ತದೆ, ಉಳಿ ನಿಲ್ಲುವುದಿಲ್ಲ. ಸಾಮಾನು ಸಾಗಿಸುವವರು ಬಂದು ಎತ್ತಿದಾಗ ಅದರ ಹಿಂದೆ, ಗೋಡೆಯ ಸಂದಿಯಲ್ಲಿ ನಾನೇ ಇಟ್ಟಿದ್ದ ತಗಡಿನ ಡಬ್ಬಿ ಬಿತ್ತು. ಆಸಿಡ್ ತಿಂದು ಉಳಿದ ಆ ಅಸಲಿ ಮೈಯನ್ನು ಎಸೆಯಲೂ ಆಗದೆ ನೋಡಲೂ ಆಗದೆ ಅದರಲ್ಲಿ ಇಟ್ಟಿದ್ದೆ. ಅದನ್ನು ಈ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ನಿಮ್ಮ ಮನೆಯದು, ನಿಮ್ಮ ಮನೆ ಸೇರಲಿ. ಉತ್ತರ ಬರೆಯಬೇಕೆಂದಿಲ್ಲ.

ಲೇತಣ್ಣ


ಅಕ್ಟೋಬರ್ 12

ಲೇತಣ್ಣನವರಿಗೆ ನಮಸ್ಕಾರ.

ನಿಮ್ಮ ಮೂರೂ ಕಾಗದ, ಪಾರ್ಸೆಲ್ ತಲುಪಿವೆ. ಉತ್ತರ ಬರೆಯದೆ ಇದ್ದದ್ದು ಬೇಕೆಂದೇ.

ನೀವು ಅವರ ಇಂಜಿನ್ ಕೆಡಿಸಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ, ಆಶ್ಚರ್ಯ. ನಾನೂ ಪಾತ್ರೆಯ ಮುಂದೆ ನಿಂತು ಬಂದವಳಲ್ಲವೇ. ಸಿಟ್ಟು ಬಂದದ್ದು ಮಾರ್ಚ್‌ನಿಂದ ಜೂನ್‌ವರೆಗಿನ ಮೂರು ತಿಂಗಳಿಗೆ. ಅಷ್ಟು ದಿನ ನಾನು ಆಸ್ಪತ್ರೆಯಿಂದ ಬಂದು ಹಲ್ಲುಜ್ಜುವ ಬ್ರಷ್ಷಿನಲ್ಲಿ ಆ ಕಪ್ಪನ್ನು ತಿಕ್ಕುತ್ತಿದ್ದೆ. ನಿಮ್ಮ ಒಂದು ಸಾಲು ಬಂದಿದ್ದರೆ ನಿಲ್ಲಿಸುತ್ತಿದ್ದೆ. ಇದನ್ನು ಬರೆಯದೆ ಮುಂದೆ ಬರೆಯಲಾರೆ ಎನಿಸಿತು. ಬರೆದೆ.

ಈಗ ಸಿಟ್ಟು ಇಲ್ಲವೇ ಎಂದು ಕೇಳಿಕೊಂಡರೆ, ಸ್ವಲ್ಪ ಇದೆ. ಆದರೆ ಅದಕ್ಕಿಂತ ಹೆಚ್ಚು ನನ್ನನ್ನು ಕೊರೆಯುತ್ತಿರುವುದು ಬೇರೆ. ಅವರಿಗೆ ಬಾಗಿಲಲ್ಲೇ ಗೊತ್ತಾಗಿತ್ತು. ನನ್ನ ಎದುರಿಗೇ ನಿಂತಿದ್ದರು. ತಮಾಷೆ ಮಾಡಿದರು, ನಾನು ನಕ್ಕೆ. ಅವರೂ ನಕ್ಕರು ಎಂದು ನಿಮಗೆ ಬರೆದಿದ್ದೆ. ಈಗ ಎಷ್ಟು ನೆನಪಿಸಿಕೊಂಡರೂ ಅವರು ನಕ್ಕ ಮುಖ ಬರುವುದಿಲ್ಲ, ಅಂಗೈ ಮಾತ್ರ ಬರುತ್ತದೆ. ಕೇಳದೆ ಬಟನ್ ಒತ್ತುವವರನ್ನು ನಾನು ದಿನಾ ಹಿಡಿಯುತ್ತೇನೆ. ಕೇಳಿಸಿಯೂ ಒತ್ತದೆ ಕೂತವರೊಬ್ಬರು ಮನೆಯಲ್ಲೇ ಇದ್ದರು, ಹದಿನಾಲ್ಕು ವರ್ಷ ತಿಳಿಯಲಿಲ್ಲ. ನನಗೇಕೆ ಹೇಳಲಿಲ್ಲ? ಹೇಳಿದ್ದರೆ ನಾನು ನಿಮಗೆ ಜಗಳದ ಕಾಗದ ಬರೆಯುತ್ತಿದ್ದೆ, ಅದು ನಿಜ. ನೀವು ನಾಚಿಕೆಯಿಂದ ಬರೆಯುವುದನ್ನೇ ನಿಲ್ಲಿಸುತ್ತಿದ್ದಿರಿ. ಒಬ್ಬ ಅಣ್ಣನ ವಸ್ತುವಿಗಾಗಿ ಇನ್ನೊಬ್ಬರನ್ನು ಕಳೆದುಕೊಳ್ಳುವುದು ಅವರಿಗೆ ಬೇಡವಾಗಿತ್ತೇನೋ. ಇದೂ ನನ್ನ ಊಹೆ. ಕೇಳೋಣವೆಂದರೆ ಯಾರಿದ್ದಾರೆ.

ಡಬ್ಬಿ ತೆರೆದೆ. ತಕ್ಕಡಿಯ ಮೇಲೆ ಇಟ್ಟೆ, ನೀವು ಕಲಿಸಿದ ಹಾಗೆ. 29 ಗ್ರಾಂ. ಇದಕ್ಕಾದರೂ ವಾಸನೆ ಇರಬಹುದೆಂದು ಮೂಸಿದೆ. ಇಲ್ಲ. ನೀವು ಆಸಿಡ್‌ನಲ್ಲಿ ತೊಳೆದಿರಿ, ನಾನು ಸೋಡದಲ್ಲಿ. ಆ ವಾಸನೆಯನ್ನು ಕಳೆದದ್ದು ಮಾತ್ರ ನಾನೇ. ಅದರಲ್ಲಿ ನಿಮಗೆ ಪಾಲಿಲ್ಲ. ಆ ತಪ್ಪಿನಿಂದ ನನ್ನನ್ನು ಬಿಡುಗಡೆ ಮಾಡಲು ನಿಮ್ಮಿಂದಲೂ ಆಗುವುದಿಲ್ಲ.

ಇಂಜಿನ್ ಬೀರುವಿನಲ್ಲಿ ಇರುತ್ತದೆ, ನಡುವೆಯೇ. ಕಪ್ಪಗೇ ಇರಲಿ. ಪಕ್ಕದಲ್ಲಿ ನಿಮ್ಮ ಡಬ್ಬಿಯದ್ದೂ ಇರಲಿ. ಒಂದು ವಿಷಯ ಮೇ ತಿಂಗಳಲ್ಲಿ ನಿಮಗೆ ಬರೆಯಲಿಲ್ಲ, ಆಗ ಅದು ಮುಖ್ಯವೆನಿಸಿರಲಿಲ್ಲ. ಮೊದಲ ಕಾರ್ಡಿನಲ್ಲಿ ‘ಮಾಡಿದವರು’ ಎನ್ನುವ ಕಡೆ ಆ ಕಾರ್ಖಾನೆಯ ಹೆಸರಿದೆ. ಎರಡನೆಯ ಕಾರ್ಡಿನಲ್ಲಿ ಎಲ್ಲ ತುಂಬಿದ್ದಾರೆ, ಸದ್ದನ್ನೂ ತುಂಬಿದ್ದಾರೆ. ‘ಮಾಡಿದವರು’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾರೆ. ಉಳಿದ ಹದಿನಾಲ್ಕು ಇಂಜಿನ್‌ಗಳ ಒಂದು ಕಾರ್ಡಿನಲ್ಲೂ ಆ ಜಾಗ ಖಾಲಿ ಇಲ್ಲ.

ಆ ಕಾರ್ಡನ್ನು ಇದರ ಜೊತೆ ಕಳಿಸುತ್ತಿದ್ದೇನೆ. ನಾನು ಬರೆಯಬಹುದಿತ್ತು, ಆದರೆ ಅದು ನನಗಾಗಿ ಬಿಟ್ಟ ಜಾಗವಲ್ಲ. ತುಂಬಿ ವಾಪಸು ಕಳಿಸಿ. ಕಾರ್ಡೂ ಇಲ್ಲದೆ ಗುರುತೂ ಸಿಗದೆ ಉಳಿದ ಹದಿನೇಳರ ತೂಕವೂ ಹಿಂದಿನ ಪುಟದಲ್ಲಿದೆ.

ಮತ್ತೆ, ನಮಸ್ಕಾರ. ಈ ಸಲ ನಾನೇ ಹೇಳಿದ್ದು.

ಇತಿ,
ನಿಮ್ಮ ತಂಗಿ


ಅಕ್ಟೋಬರ್ 29

ತಂಗೀ,

ಹದಿನೇಳರ ಗುರುತು ಹಿಂದೆ ಬರೆದಿದ್ದೇನೆ. ಎರಡರಲ್ಲಿ ಅನುಮಾನವಿದೆ. ಅನುಮಾನ ಎಂದೇ ಚೀಟಿಯಲ್ಲಿ ಹಾಕಿ.

ಕಾರ್ಡ್ ಇದರೊಳಗಿದೆ. ಒಂದು ವಾರ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಸದ್ದಿನ ಕಡೆ ಮೇಷ್ಟ್ರು ‘ಮೊದಲಿನದೇ. ಅಣ್ಣನ ದನಿ’ ಎಂದು ಬರೆದಿದ್ದಾರೆ. ನೀವು ಅದನ್ನು ನನಗೆ ಹೇಳದೆ ಕಾರ್ಡನ್ನೇ ಕಳಿಸಿದಿರಿ. ಒಳ್ಳೆಯದಾಯಿತು, ಅವರ ಅಕ್ಷರದಲ್ಲೇ ಓದಿದೆ.

ನಿನ್ನೆ ಬರೆದೆ. ಅಕ್ಷರ ಕೆಟ್ಟಿದೆ, ನಿಮಗೆ ಓದಲು ಬರದಿದ್ದರೆ ಎಂದು ಇಲ್ಲಿಯೂ ಬರೆಯುತ್ತಿದ್ದೇನೆ.

ಮಾಡಿದವರು: ಕೆಡಿಸಿದವನೇ. ತೂಗದೆ ಕೆಡಿಸಿದೆ. ಹೇಳುವುದು ತಡವಾಯಿತು ಮೇಷ್ಟ್ರೇ.

ಲೇತಣ್ಣ